ಅಮ್ಮ ಕೇಳಿದ ಜೇನು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಮಗಳು ಶಶಿಕಲಾ ಹೆತ್ತಳು, ತಾಯಿಯೂ ಕೂಸೂ ಸುಖವಾಗಿದ್ದಾರೆ, ಇವತ್ತು ಮಧ್ಯಾಹ್ನ ಆಸ್ಪತ್ರೆಯಿಂದ ಮನೆಗೆ ಬಂದಾಯಿತು. ಈ ಸುದ್ದಿ ಹೇಳದೆ ಮೀಂಜದಲ್ಲಿ ಒಂದು ಮನೆಯನ್ನೂ ನಾನು ಬಿಟ್ಟಿಲ್ಲ. ಬಸ್ಸಿಗೆ ಕಾದು ನಿಂತವರಿಗೂ ಹೇಳಿದೆ, ಗುರುತಿಲ್ಲದವರಿಗೂ ಹೇಳಿದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆದರೂ ಕೂತು ಬರೆಯುತ್ತಿದ್ದೇನೆ, ಬಾಯಲ್ಲಿ ಹೇಳಿ ಮುಗಿಯುವ ಸಂತೋಷ ಇದಲ್ಲ.

ಕೂಸನ್ನು ಮೀಯಿಸಲು ನೀರು ಕಾಯಿಸಬೇಕೆಂದು ಬಚ್ಚಲ ಒಲೆಗೆ ತೆಂಗಿನ ಸಿಪ್ಪೆ ತುರುಕಿದ್ದೆ. ಸರಿಯಾಗಿ ಒಣಗದ ಸಿಪ್ಪೆ, ಉರಿಯುವ ಬದಲು ಹೊಗೆ ಎದ್ದಿತು. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ಅಷ್ಟು ಸಂತೋಷದ ನಡುವೆ ನನ್ನ ಕಣ್ಣು ತುಂಬಿ ಬಂತು. ಅದು ನನ್ನ ಅಪ್ಪ ಜೇನು ತೆಗೆಯುವಾಗ ಹಾಕುತ್ತಿದ್ದ ಹೊಗೆ.

ನಮ್ಮದು ಮುಳಿಹುಲ್ಲಿನ ಮನೆ. ಸೂರು ಎಷ್ಟು ತಗ್ಗೆಂದರೆ ಅಪ್ಪ ಬಗ್ಗಿಯೇ ಒಳಗೆ ಬರಬೇಕು. ಆ ಸೂರಿನ ಕೆಳಗೆ, ಗೋಡೆಯ ಬದಿಗೆ, ಅಡ್ಡ ಮಲಗಿಸಿದ ಒಂದು ದೊಡ್ಡ ಮಡಕೆ ಇತ್ತು. ಬಾಯಿಗೆ ತೂತು ಕೊರೆದ ಹಲಗೆ, ಒಳಗೆ ತುಡುವೆ ಜೇನಿನ ಸಂಸಾರ. ಗೇರು ಮರ ಹೂ ಬಿಟ್ಟ ಕಾಲದಲ್ಲಿ ಅಂಗಳಕ್ಕೆಲ್ಲ ಆ ಮಡಕೆಯ ಪರಿಮಳ. ಸಂಜೆ ಕೈಕಾಲು ತೊಳೆದು ಬಂದ ಅಪ್ಪ ದೀಪಕ್ಕೆ ಕೈಮುಗಿಯುವ ಮೊದಲು ಮಡಕೆಯ ಹೊಟ್ಟೆಗೆ ಕಿವಿ ಇಡುತ್ತಿದ್ದರು. ನೊಣಗಳು ಹೊಸತಾಗಿ ತುಂಬಿದ ಜೇನು ನೀರು ನೀರಾಗಿರುತ್ತದೆ, ರೆಕ್ಕೆ ಬೀಸಿ ಬೀಸಿ ಅವು ಅದನ್ನು ಆರಿಸುತ್ತವೆ. ಆ ಸದ್ದು ದೂರದಲ್ಲೆಲ್ಲೋ ಕುಚ್ಚಲಕ್ಕಿ ಕುದಿಯುವ ಹಾಗೆ ಕೇಳಿಸುತ್ತದೆ. ಜೇನು ಹಣ್ಣಾಗಿ, ನೊಣಗಳು ಕಟ್ಟಿದ ಎರಿಯ ಕಣ್ಣುಗಳಿಗೆಲ್ಲ ಮೇಣದ ಮುಚ್ಚಳ ಬಿದ್ದ ಮೇಲೆ, ಅನ್ನ ಬೆಂದ ಪಾತ್ರೆಯಂತೆ ಮಡಕೆ ಸುಮ್ಮನಾಗುತ್ತದೆ. ಆಮೇಲೆಯೇ ಅಪ್ಪ ಎರಿ ಮುಟ್ಟುವುದು. ಹಸಿ ಜೇನು ತೆಗೆದರೆ ಹುಳಿ ಬರುತ್ತದೆ, ಹೊಟ್ಟೆ ಕೆಡಿಸುತ್ತದೆ, ನೊಣಗಳ ಮನಸ್ಸೂ ಮುರಿಯುತ್ತದೆ ಎನ್ನುವವರು ಅವರು. ಮೊಗ್ರಾಲಿನಿಂದ ಮೀನು ತರುತ್ತಿದ್ದ ಮೊಯ್ದು ಬ್ಯಾರಿ ಮಗನ ಕೆಮ್ಮಿಗೆಂದು ಒಂದು ಚಮಚ ಕೇಳಿದರೂ ಸಿಗುತ್ತಿರಲಿಲ್ಲ. "ಎಂತ ಮಾರಾಯ್ರೆ, ನಿಮ್ಮ ಜೇನಿಗೆ ಮುಹೂರ್ತ ಇಡ್ಲಿಕ್ಕೆ ಭಟ್ರು ಬರ್ಬೇಕಾ?" ಎಂದು ನಗುತ್ತಾ ಅವರು ಬುಟ್ಟಿ ಎತ್ತಿಕೊಂಡು ಹೋಗುತ್ತಿದ್ದರು. ನಿಮ್ಮ ಹಳೆಯ ಮನೆಯಲ್ಲೂ ಇಂಥ ಹಟದ ಒಬ್ಬರು ಇದ್ದಿರಬಹುದು. ಅವರು ಹೋದ ಮೇಲೆ ಆ ಹಟವೇ ನೆನಪಾಗಿ ಕಾಡುತ್ತದಲ್ಲ.

ಆ ವರ್ಷ ಅಮ್ಮ ತುಂಬು ಬಸುರಿ. ಉಳಿದ ಬಯಕೆಗಳೆಲ್ಲ ತೀರಿದ್ದವು. ಹುಳಿ ಮಾವಿನಕಾಯಿ, ಸುಟ್ಟ ಒಣಮೀನು, ನೆರೆಮನೆಯ ಪತ್ರೊಡೆ. ಕೊನೆಗೆ ಅವಳು ಕೇಳಿದ್ದು ಜೇನು. ಅದೂ ಬಾಟ್ಲಿಯದ್ದಲ್ಲ, ಎರಿಯಿಂದಲೇ ಹೀರಬೇಕು. ಅಪ್ಪ ಕಿವಿಯಿಟ್ಟು ನೋಡಿದರು. ಮಡಕೆ ಇನ್ನೂ ಕುದಿಯುತ್ತಿತ್ತು.

"ನಾಲ್ಕು ದಿನ ತಡಿ ಮಾರಾಯ್ತಿ. ಬಸುರಿ ಹೊಟ್ಟೆಗೆ ಹಸಿ ಜೇನು ಕೊಡ್ಲಿಕ್ಕೆ ನನಗೆಂತ ಮರುಳಾ?"

"ನಿಮ್ಮ ಜೇನು ಹಣ್ಣಾಗುವಾಗ ಈ ಮಗು ಎದ್ದು ನಡಿಲಿಕ್ಕೆ ಶುರು ಮಾಡ್ತದೆ" ಎಂದಳು ಅಮ್ಮ. "ಬಯಕೆ ತೀರಿಸದೆ ಮಗುವಿನ ಕಿವಿ ಸೋರಿದ್ರೆ ನನ್ನನ್ನು ಕೇಳ್ಬೇಡಿ, ಆಯ್ತಾ?"

ಇಬ್ಬರೂ ನಕ್ಕರು. ನಾನೂ ನಕ್ಕೆ, ಯಾಕೆಂದು ತಿಳಿಯದೆ. ಅಮ್ಮ ಮುನಿಸಿಕೊಳ್ಳಲಿಲ್ಲ. ದಿನಾ ಸಂಜೆ ಹೊಸ್ತಿಲಲ್ಲಿ ಕಾಲು ಚಾಚಿ ಕೂತು, ಅಪ್ಪ ಮಡಕೆಗೆ ಕಿವಿ ಇಡುವುದನ್ನೇ ನೋಡುತ್ತಿದ್ದಳು. ಅಪ್ಪ ತಲೆ ಅಲ್ಲಾಡಿಸಿದರೆ "ನಾಳೆಗೆ" ಎಂದು ಹೊಟ್ಟೆ ಸವರಿ ಒಳಗಿನ ಮಗುವಿಗೆ ಹೇಳುತ್ತಿದ್ದಳು. ಅಪ್ಪ ಕೊಡದೆ ಇದ್ದದ್ದು ಜಿಪುಣತನದಿಂದಲ್ಲ. ಅವಳಿಗೆ ಕೊಡುವುದು ಊರಿನಲ್ಲೇ ಒಳ್ಳೆಯ ಜೇನಾಗಬೇಕು ಎಂದು.

ದಿನ ತುಂಬುವ ಮೊದಲೇ ಅಮ್ಮನಿಗೆ ನೋವು ಬಂತು. ಸೂಲಗಿತ್ತಿ ಬಂದಳು, ಗುಡ್ಡ ಇಳಿಸಿ ಆಸ್ಪತ್ರೆಗೆ ಹೊರಲು ಮಂಚಕ್ಕೆ ಹಗ್ಗ ಕಟ್ಟಿದರು. ಹೊರುವಷ್ಟರಲ್ಲಿ ಅಮ್ಮ ಹೋಗಿಬಿಟ್ಟಿದ್ದಳು. ಮಗುವೂ ಉಳಿಯಲಿಲ್ಲ.

ಸುಡುಗಾಡಿನಿಂದ ಬಂದು ಮಿಂದ ಅಪ್ಪ ಒದ್ದೆ ಪಂಚೆಯಲ್ಲೇ ಸೂರಿನ ಕೆಳಗೆ ನಿಂತರು. ಎಷ್ಟೋ ವರ್ಷದ ರೂಢಿ. ಕಿವಿ ತಾನಾಗಿ ಮಡಕೆಗೆ ಹೋಯಿತು. ತುಂಬಾ ಹೊತ್ತು ಹಾಗೇ ನಿಂತಿದ್ದರು. ಮತ್ತೆ, ಹೊಸ್ತಿಲಿನ ಕಡೆ ತಿರುಗಿ, "ಹಣ್ಣಾಯ್ತು" ಎಂದರು. ಹೊಸ್ತಿಲಲ್ಲಿ ನಾನೊಬ್ಬಳೇ ಇದ್ದೆ.

ಬೊಜ್ಜದ ದಿನ ಸತ್ತವರಿಗೆಂದು ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಎಳೆದು ಹೊರಗೆ ನಿಲ್ಲುವ ಕ್ರಮ ನಮ್ಮಲ್ಲಿ ಉಂಟು. ಅಪ್ಪ ಸಿಪ್ಪೆಯ ಹೊಗೆ ಹಾಕಿ ಇಡೀ ಒಂದು ಎರಿ ತೆಗೆದರು. ಮುಚ್ಚಳ ಬೀಳದ ಒಂದು ಕಣ್ಣೂ ಅದರಲ್ಲಿರಲಿಲ್ಲ. ಅದನ್ನು ಅನ್ನದ ಪಕ್ಕದಲ್ಲಿ ಇಟ್ಟು ಬಾಗಿಲು ಎಳೆದರು. ತೆರೆದಾಗ ಎರಿ ಇಟ್ಟಲ್ಲೇ ಇತ್ತು, ಇರುವೆಗಳು ಸಾಲುಗಟ್ಟಿದ್ದವು. ಅಪ್ಪ ಮತ್ತೆ ಆ ಮಡಕೆಗೆ ಕಿವಿ ಇಡಲಿಲ್ಲ, ಕೈಯನ್ನೂ ಹಾಕಲಿಲ್ಲ. ಯಾವಾಗಲೋ ಒಂದು ಮಳೆಗಾಲದಲ್ಲಿ ನೊಣಗಳು ಬಿಟ್ಟು ಹೋದವು. ಅಪ್ಪನೂ ಹೋದರು. ಆ ಮನೆಯ ಜಾಗದಲ್ಲಿ ಈಗ ಯಾರದ್ದೋ ರಬ್ಬರು ತೋಟ; ಹೊಸ್ತಿಲಿನ ಕಲ್ಲು ಎಲ್ಲಿತ್ತೆಂದು ನನಗೂ ಗೊತ್ತಾಗುವುದಿಲ್ಲ.

ಶಶಿಕಲಾ ಹೆರಿಗೆಗೆ ಬಂದವಳು ಒಂದು ಸಂಜೆ ನಾನು ಹಿತ್ತಿಲಲ್ಲಿ ಇಟ್ಟುಕೊಂಡಿರುವ ಜೇನುಪೆಟ್ಟಿಗೆ ನೋಡಿ, "ಅಮ್ಮ, ಎರಿಯಲ್ಲೇ ತಿನ್ನುವ ಅಂತ ಆಸೆ ಆಗ್ತದೆ" ಎಂದಳು. ಅವಳಿಗೆ ಈ ಕತೆ ಯಾವುದೂ ಗೊತ್ತಿಲ್ಲ. ಬಸುರಿಗೆ ಇಂಥದ್ದನ್ನು ಹೇಳುವುದುಂಟೇ? ನಾನು ಪೆಟ್ಟಿಗೆಗೆ ಕಿವಿ ಇಟ್ಟೆ. ಒಳಗೆ ಕುದಿಯುತ್ತಿತ್ತು, ಜೋರಾಗಿಯೇ. ಹೊಗೆ ಹಾಕಿದೆ, ಚೂರಿ ತಂದೆ, ಅರ್ಧ ಮುಚ್ಚಳವೂ ಬೀಳದ ಎರಿಯನ್ನು ಕೊಯ್ದು ಅವಳ ಅಂಗೈಗೆ ಹಾಕಿದೆ. ನೀರಿನ ಹಾಗೆ ಮೊಣಕೈ ತನಕ ಇಳಿಯಿತು. ಅವಳು ಮೊಣಕೈಯನ್ನೂ ಬಿಡದೆ ನೆಕ್ಕಿದಳು. ಅಳಿಯ, "ಅತ್ತೇ, ಇದು ಜೇನಾ, ಬೆಲ್ಲದ ನೀರಾ?" ಎಂದು ತಮಾಷೆ ಮಾಡಿದ. "ನಿನಗೆ ಹಣ್ಣಾದದ್ದು ಕೊಡ್ತೇನೆ, ತಡಿ" ಎಂದೆ.

ಇವತ್ತು ಸಂಜೆ ಪೆಟ್ಟಿಗೆ ಸುಮ್ಮನಿತ್ತು. ಎರಿ ಕೊಯ್ದು ವೀಳ್ಯದೆಲೆಯ ಮೇಲೆ ಒಂದು ಹನಿ ಬಿಟ್ಟೆ. ಮಣಿಯ ಹಾಗೆ ನಿಂತಿತು, ಹರಡಲಿಲ್ಲ. ಕೂಸಿನ ಬಾಯಿಗೆ ಮಾತ್ರ ಮುಟ್ಟಿಸಲಿಲ್ಲ, ವರ್ಷ ತುಂಬುವ ತನಕ ಬೇಡವೆಂದು ನರ್ಸು ಬೈದು ಹೇಳಿದ್ದಾಳೆ. ಚಾಪೆಯ ಮೇಲೆ ಮಲಗಿದ ಅದರ ಪುಟ್ಟ ಕಿವಿಗಳನ್ನು ದೀಪದ ಬೆಳಕಿಗೆ ಹಿಡಿದು ನೋಡಿದೆ. ಒಣಗಿಯೇ ಇದ್ದವು.

ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು, ಮಗಳು, ಅಳಿಯ, ನನ್ನವರು. ಗಂಜಿ, ಚಟ್ನಿ, ಬಾಣಂತಿಗೆ ಕಾಳುಮೆಣಸಿನ ಸಾರು, ಮತ್ತೆ ನೀರುದೋಸೆಗೆ ಜೇನು. ಅಳಿಯ ಬೆರಳು ನೆಕ್ಕಿ, "ಈಗ ಇದು ಜೇನು" ಎಂದ. ಶಶಿಕಲಾ ಒಂದು ತುಂಡು ಬಾಯಿಗಿಟ್ಟು ನನ್ನ ಕಡೆ ತಿರುಗಿದಳು.

"ಒಳ್ಳೇದುಂಟು ಅಮ್ಮ. ಆದ್ರೆ ಇದಕ್ಕಿಂತ ಅವತ್ತಿನದ್ದೇ ರುಚಿ."

ಅವರೆಲ್ಲ ನಕ್ಕರು. ನಾನು ಗಂಜಿಯ ತಟ್ಟೆಗೆ ಮುಖ ಬಗ್ಗಿಸಿ, ಅವಳ ಎಲೆಗೆ ಇನ್ನೊಂದು ದೋಸೆ ಹಾಕಿದೆ.