ಐತವಾರದ ರೊಟ್ಟಿ

ಇಲ್ಲಿ ಕೊನೆಗೆ ಬರುವ ಹಳದಿ ಬಣ್ಣವನ್ನು ನಾನೇ ಆಮೇಲೆ ಹಚ್ಚಿರಬಹುದು. ನಾಯಿಯ ನಾಲ್ಕೂ ಪಾದ ಬೆಳ್ಳಗಿದ್ದವು ಎಂದು ನನ್ನ ನೆನಪು. ಎರಡೇ ಎನ್ನುತ್ತಾಳೆ ಮಗಳು. ದಿನವೂ ಡೈರಿ ಬರೆಯುವ ನಾನು ಆ ಸೋಮವಾರ ಮ್ಯಾಕ್ವೆರಿ ಪಾರ್ಕಿನ ಆಫೀಸಿನಲ್ಲಿ ನಡೆದ ಒಂದು ಮೀಟಿಂಗಿನ ಬಗ್ಗೆ ಬರೆದು ಮಲಗಿದ್ದೇನೆ. ಹಾಗಾಗಿ ಉಳಿದದ್ದನ್ನೆಲ್ಲ ನೆನಪಿನಿಂದಲೇ ಹೇಳಬೇಕು. ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ನಮ್ಮ ಮನೆದೇವರು ಮೈಲಾರಲಿಂಗ. ನಾಯಿ ಅವನದು, ಭಾನುವಾರ ಅವನ ವಾರ. ಹುಬ್ಬಳ್ಳಿಯಲ್ಲಿದ್ದಾಗ ಅವ್ವ ಪ್ರತಿ ಐತವಾರ ಮೊದಲ ಜೋಳದ ರೊಟ್ಟಿಯನ್ನು ಮುರಿದು, ಹಾಲು ಬೆಲ್ಲ ಹಾಕಿ, ಮೇಲೆ ದೇವರ ಭಂಡಾರದ ಅರಿಶಿನ ಒಂದು ಚಿಟಿಕೆ ಉದುರಿಸಿ ಓಣಿಯ ನಾಯಿಗೆ ಇಡುತ್ತಿದ್ದಳು. ಅದು ತಿಂದ ಮೇಲೆಯೇ ಅವಳ ಊಟ. ನಮ್ಮ ಓಣಿಯಲ್ಲಿ ನಾಯಿಗಳಿಗೇನು ಬರವೇ? ಅವಳು ಕಾದು ಕೂತದ್ದನ್ನು ನಾನು ನೋಡಿಯೇ ಇರಲಿಲ್ಲ.

ತೊಂದರೆ ಶುರುವಾದದ್ದು ಮೆಲ್ಬರ್ನಿನಲ್ಲಿ. ಅವ್ವ ಈಗ ಕೆಲವು ತಿಂಗಳು ಅಲ್ಲಿನ ಕ್ಲೈಡ್ ನಾರ್ತ್‌ನ ತಮ್ಮನ ಮನೆಯಲ್ಲಿ, ಕೆಲವು ತಿಂಗಳು ಸಿಡ್ನಿಯಲ್ಲಿ ನಮ್ಮ ಜೊತೆ ಇರುತ್ತಾಳೆ. ಕ್ಲೈಡ್ ನಾರ್ತ್‌ನ ಹೊಸ ಮನೆಗಳ ಸಾಲಿನಲ್ಲಿ ಬೀದಿನಾಯಿ ಎಂಬುದೇ ಇಲ್ಲ. ಒಮ್ಮೆ ಅವಳು ವಾಕಿಂಗಿಗೆ ಬಂದ ಲ್ಯಾಬ್ರಡಾರ್ ಮುಂದೆ ತಾಟು ಹಿಡಿದಾಗ ಅದರ ಒಡತಿ ಎರಡೂ ಕೈ ಅಡ್ಡ ಹಿಡಿದು, ಅದಕ್ಕೆ ಧಾನ್ಯದ ಅಲರ್ಜಿ ಎಂದಳಂತೆ.

"ಇಲ್ಲಿ ನಾಯಿಗೂ ಪಥ್ಯ ಐತಂತವಾ!" ಎಂದು ಅವ್ವ ಫೋನಿನಲ್ಲಿ ನಕ್ಕಳು. ಆದರೆ ಅವತ್ತು ಸಂಜೆಯವರೆಗೆ ಉಣ್ಣಲಿಲ್ಲ. ಅವಳಿಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿ ಉಪವಾಸ ಕೂತರೆ ಕೈಕಾಲು ನಡುಗುತ್ತವೆ.

ಉಪಾಯ ಹುಡುಕಿದವಳು ಅವ್ವನ ತಂಗಿ, ಹುಬ್ಬಳ್ಳಿಯ ಚಿಗವ್ವ. ಅಲ್ಲಿ ಬೆಳಗಾಗಿ ಇಲ್ಲಿ ಊಟದ ಹೊತ್ತಾದಾಗ ವಿಡಿಯೋ ಕಾಲ್ ಮಾಡಿ, ಅವ್ವನ ಕಣ್ಣೆದುರೇ ಓಣಿಯ ನಾಯಿಗೆ ರೊಟ್ಟಿ ಹಾಕುತ್ತಿದ್ದಳು.

"ತಿಂತೇನ?"

"ತಿಂತು. ತಾಟ ನೆಕ್ಕಾಕತ್ತೈತಿ ನೋಡು. ಇನ್ನ ನೀ ಉಣ್ಣ ಹೋಗಕ್ಕಾ, ನಂದೂ ಚಾ ಆರಾಕತ್ತೈತಿ."

ಅವ್ವ ಫೋನಿಗೆ ಕೈಮುಗಿದು ಊಟಕ್ಕೆ ಕೂರುವಳು. ಹೀಗೆ ಹೇಗೋ ನಡೆದಿತ್ತು.

ಸಿಡ್ನಿಯಲ್ಲಿ ನಮ್ಮ ಮನೆ ಊರಿನ ಉತ್ತರದ ಅಂಚಿನಲ್ಲಿದೆ. ಹಿತ್ತಲಿನ ತಂತಿಬೇಲಿಯ ಆಚೆ ಕಾಡು. ಅವ್ವ ನಮ್ಮಲ್ಲಿಗೆ ಬಂದ ಸ್ವಲ್ಪ ದಿನಕ್ಕೆ, ಒಂದು ಭಾನುವಾರ ಬೆಳಿಗ್ಗೆ ಹಿತ್ತಲಿನಿಂದ ಕೂಗಿದಳು.

"ಬಾರವಾ ಇಲ್ಲಿ, ಯಾರು ಬಂದಾರ ನೋಡು!"

ಬೇಲಿಯ ಆಚೆ ಒಂದು ಕೆಂಚು ನಾಯಿ ನಿಂತಿತ್ತು. ಕಿವಿ ನೆಟ್ಟಗಿದ್ದವು. ಬೊಗಳಲಿಲ್ಲ, ಬಾಲ ಅಲ್ಲಾಡಿಸಲಿಲ್ಲ. ಸಾಕಿದ ನಾಯಿ ಮನುಷ್ಯರಿಂದ ಏನನ್ನೋ ಬಯಸಿ ನೋಡುತ್ತದೆ. ಇದು ಸುಮ್ಮನೆ ಅಳತೆ ತೆಗೆದುಕೊಳ್ಳುವ ಹಾಗೆ ನೋಡಿತು. ನಾನು ಇದ್ದಲ್ಲೇ ನಿಂತುಬಿಟ್ಟೆ.

"ಅವ್ವಾ, ಒಳಗ ಬಾ. ಅದು ಯಾರೂ ಸಾಕಿದ್ದಲ್ಲ."

"ಮೈಲಾರಪ್ಪನ ನಾಯೀನ ಯಾರರ ಸಾಕ್ತಾರೇನ?"

ಪಕ್ಕದ ಮನೆಯ ಕೋಳಿ ಸಾಕುವ ಮುದುಕಿ ಬೇಲಿಯ ಮೇಲಿಂದ ಹೇಳಿದಳು, ಅದು ಡಿಂಗೊ ಬೆರಕೆ ಎಂದು. ಈ ನೆಲದ ಕಾಡುನಾಯಿಯೂ ಎಂದೋ ಮನೆ ಬಿಟ್ಟು ಓಡಿದ ಸಾಕುನಾಯಿಗಳೂ ಕೂಡಿ ಹುಟ್ಟಿದ ತಳಿ. "ಅದಕ್ಕೆ ಊಟ ಹಾಕಬೇಡಿ, ಡಾರ್ಲಿಂಗ್. ಹಾಕಿದರೆ ಅದಕ್ಕೇ ಕೇಡು."

ನಾನು ಅದನ್ನು ಅವ್ವನಿಗೆ ಹೇಳಿದೆ. ಮತ್ತೆ ವಿಡಿಯೋದಲ್ಲೇ ನೋಡು ಎಂದೆ.

"ಕಣ್ಣಮುಂದ ಬಂದು ನಿಂತಿದ್ದನ್ನ ಬಿಟ್ಟು ಫೋನಿನ್ಯಾಗಿನ ನಾಯಿಗೆ ಕೈ ಮುಗೀಲೇನ?"

ತಾಟು ತಡೆದರೆ ಅವಳ ಊಟವೇ ನಿಲ್ಲುತ್ತಿತ್ತು. ಅವಳು ತಂತಿಯ ಕೆಳಗಿನಿಂದ ತಾಟು ಸರಿಸಿ ಹಿಂದೆ ಬರುವಳು. ಅದು ತಿಂದು ಹೋಗುವುದು. ಅವಳು ಹೊತ್ತಿಗೆ ಸರಿಯಾಗಿ ಉಣ್ಣುವಳು. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ.

ಆಮೇಲೆ ಮುದುಕಿಯ ಕೋಳಿಗಳು ಒಂದೊಂದಾಗಿ ಕಾಣೆಯಾದವು. ಕಾಲುದಾರಿಯಲ್ಲಿ ಯಾರದೋ ಪುಟ್ಟ ನಾಯಿ ಸತ್ತಿತು. ಕೌನ್ಸಿಲ್‌ನವರು, ಅಂದರೆ ಇಲ್ಲಿನ ನಗರಸಭೆಯವರು, ನಮ್ಮ ಬೇಲಿಯಾಚೆ, ಒಂದಿಷ್ಟು ದೂರದಲ್ಲಿ, ಮಾಂಸ ಕಟ್ಟಿದ ದೊಡ್ಡ ಬೋನು ಇಟ್ಟರು. ಅದರ ಮೇಲೆ ತಾಡಪತ್ರಿ ಹೊದಿಸಿದ್ದರು.

"ಮಳ್ಯಾಗ ನಿಲ್ಲಾಕ ಗೂಡು ಮಾಡ್ಯಾರ. ಪುಣ್ಯಾ ಬರ್ಲಿ ಅವರಿಗೆ," ಎಂದಳು ಅವ್ವ.

"ಗೂಡಲ್ಲವ್ವಾ, ಬೋನು. ಒಳಗ ಹೋದ್ರ ಬಾಗಲಾ ಬೀಳತೈತಿ."

ಹೇಳಿದೆ ಎಂದೇ ನೆನಪು. ಅವಳು ತಲೆಯಾಡಿಸಿದಳು ಎಂದೂ ನೆನಪು. ಆದರೆ ಅವಳು ಎಲ್ಲದಕ್ಕೂ ತಲೆಯಾಡಿಸುತ್ತಾಳೆ.

ಹಿಡಿದ ಮೇಲೆ ಅದನ್ನು ಏನು ಮಾಡುತ್ತೀರಿ ಎಂದು ಕೌನ್ಸಿಲ್‌ಗೆ ಫೋನ್ ಮಾಡಿ ಕೇಳಿದೆ. ಬೆರಕೆಯನ್ನು ಯಾರಿಗೂ ಸಾಕಲು ಕೊಡುವಂತಿಲ್ಲ, ಕಾಡಿಗೂ ಬಿಡುವಂತಿಲ್ಲ ಎಂದ ಹುಡುಗಿ, ಬೇರೇನಾದರೂ ಸಹಾಯ ಬೇಕೇ ಎಂದು ಮೃದುವಾಗಿ ಕೇಳಿದಳು. ಬೇಡ ಎಂದೆ.

ನಾಯಿ ಜಾಣ. ಬೋನಿನ ಸುತ್ತ ತಿರುಗುವುದು, ಒಳಗೆ ಹೋಗುತ್ತಿರಲಿಲ್ಲ. ಐತವಾರ ಬೇಲಿಗೆ ಬಂದು ರೊಟ್ಟಿ ಮಾತ್ರ ತಿನ್ನುವುದು. ನನಗೂ ಒಳಗೊಳಗೆ ಸಮಾಧಾನವಾಗತೊಡಗಿತ್ತು. ಆಮೇಲೊಂದು ಭಾನುವಾರ ಬೆಳಗಿನಿಂದಲೇ ಜೋರು ಮಳೆ. ನಾನು ಮಗಳನ್ನು ಈಜಿನ ಕ್ಲಾಸಿಗೆ ಕರೆದೊಯ್ದು ಬರುವಷ್ಟರಲ್ಲಿ ಅವ್ವನ ಊಟ ಮುಗಿದಿತ್ತು.

ಸೋಮವಾರ ಬೆಳಿಗ್ಗೆ ಬೋನಿನ ಬಾಗಿಲು ಬಿದ್ದಿತ್ತು. ಮಗಳೂ ನಾನೂ ಹತ್ತಿರ ಹೋಗಿ ನೋಡಿದೆವು. ನಾಯಿ ಒಳಗೆ ನಿಂತಿತ್ತು, ಆಗಲೂ ಬೊಗಳಲಿಲ್ಲ. ಕಟ್ಟಿದ ಮಾಂಸ ಕಟ್ಟಿದ ಹಾಗೇ ಇತ್ತು. ಮೂಲೆಯಲ್ಲಿ ನೆನೆದ ಬಿಳಿಯ ಚೂರೊಂದು ಬಿದ್ದಿತ್ತು. ಅದರ ಅಂಚು ಹಳದಿ.

"ಅದು ಟಿಶ್ಯೂ ಅಮ್ಮ," ಎನ್ನುತ್ತಾಳೆ ಮಗಳು ಈಗಲೂ. "ಯೂ ವರ್ ಕ್ರೈಯಿಂಗ್. ಹೌ ವುಡ್ ಯೂ ನೋ?"

ಅವಳು ಹೇಳುವುದೇ ನಿಜವಿರಬಹುದು. ಒಬ್ಬ ಮನುಷ್ಯ ಗಾಡಿ ತಂದು ಬೋನಿನ ಸಮೇತ ನಾಯಿಯನ್ನು ಒಯ್ದ. ಅವ್ವ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ಎಲ್ಲಿಗೆ ಒಯ್ಯುತ್ತಾರೆ ಎಂದು ಅವಳು ಕೇಳಲಿಲ್ಲ. ಯಾವುದನ್ನೂ ಕೇಳದೆ ಬಿಡುವವಳಲ್ಲ ಅವಳು.

ಆಮೇಲಿನ ಐತವಾರಗಳಲ್ಲಿ ಅವಳು ದೀಪ ಹಚ್ಚುವವರೆಗೆ ಉಣ್ಣಲಿಲ್ಲ. ಚಿಗವ್ವ ಕಾಲ್ ಮಾಡುತ್ತಾಳೆ, ಹುಬ್ಬಳ್ಳಿಯ ನಾಯಿ ತಿನ್ನುತ್ತದೆ, ಅವ್ವ ಫೋನನ್ನು ಮಗುಚಿ ಇಡುತ್ತಾಳೆ. ಈಗ ಮತ್ತೆ ಕ್ಲೈಡ್ ನಾರ್ತ್‌ನಲ್ಲಿದ್ದಾಳೆ. ಮೊನ್ನೆ ತಮ್ಮ ಫೋನ್ ಮಾಡಿದ. "ಅಕ್ಕಾ, ಅವ್ವ ತಲಿ ತಿರುಗಿ ಕುಂತ್ಳು. ಡಾಕ್ಟರ್ ಮಾತೂ ಕೇಳವಲ್ಲಳು. ನೀನರ ಏನರ ಹೇಳು."

ಏನು ಹೇಳಲಿ? ಅದು ಟಿಶ್ಯೂ ಎಂದು ಗೊತ್ತಿದ್ದರೆ ಹೇಳಿ ಉಣ್ಣಿಸುತ್ತಿದ್ದೆ. ಗೊತ್ತಿರುವವಳು ಅವಳೊಬ್ಬಳೇ. ಅದಕ್ಕೇ ಅವ್ವನಿಗೇ ಫೋನ್ ಮಾಡಿ ಕೇಳಿದೆ. ಆ ಕಡೆಯಿಂದ ಫೋನ್ ಕಟ್ಟಾಯಿತು. ಮರುದಿನ ಮೆಸೇಜಿನಲ್ಲೂ ಅದನ್ನೇ ಕೇಳಿದ್ದೇನೆ. ಅವಳು ಅದನ್ನು ನೋಡಿದ್ದಾಳೆ, ನೀಲಿ ಗುರುತು ಬಂದಿದೆ.

"ಅವ್ವಾ, ಅವತ್ತು ಮಳಿ ಬರಾಕತ್ತಿತ್ತಲ್ಲ, ತಾಟ ಎಲ್ಲಿ ಇಟ್ಟಿದ್ದಿ?"