ತಟ್ಟಿ ಕಟ್ಟದ ಮಳೆಗಾಲ

ಮೊನ್ನೆ ನಾನು ಇಡೀ ಮಧ್ಯಾಹ್ನ ಕೊಡೆ ಹಿಡಿದು ನಿಂತಿದ್ದೆ. ರಸ್ತೆಯಲ್ಲಿ ಅಲ್ಲ ಸ್ವಾಮಿ, ನನ್ನದೇ ಮನೆಯೊಳಗೆ! ಅದೂ ಬಾಣಂತಿಯ ಕೋಣೆಯಲ್ಲಿ, ಮೊಮ್ಮಗಳ ತೊಟ್ಟಿಲಿನ ಮೇಲೆ.

ಬಂದರಿನಲ್ಲಿ ನಮ್ಮ ಮನೆ. ಕೆಳಗೆ ಒಣಮೆಣಸಿನ ಗೋದಾಮು, ಉಪ್ಪರಿಗೆಯಲ್ಲಿ ನಮ್ಮ ಸಂಸಾರ. ಪಡುವಣ ದಿಕ್ಕಿಗೆ, ರಸ್ತೆಗೆ ಕಾಣುವಂತೆ, ಹಲಗೆಯ ಗೋಡೆ. ಮಂಗಳೂರಿನ ಮಳೆ ಮೇಲಿಂದ ಮಾತ್ರ ಬೀಳುವುದಿಲ್ಲ, ಕಡಲ ಕಡೆಯಿಂದ ಅಡ್ಡಕ್ಕೆ ನುಗ್ಗುತ್ತದೆ ಎಂದು ನಿಮಗೆ ಹೇಳಬೇಕೆ? ಅದಕ್ಕೇ ಪ್ರತಿ ಮೇ ತಿಂಗಳಲ್ಲಿ ಆ ಗೋಡೆಗೆ ತೆಂಗಿನ ಮಡಲಿನ, ಅಂದರೆ ಗರಿ ಹೆಣೆದ, ತಟ್ಟಿ ಕಟ್ಟುತ್ತೇವೆ. ಮಳೆಯ ಪೆಟ್ಟು ತಟ್ಟಿಗೆ ಬೀಳುತ್ತದೆ, ಹಲಗೆಯ ಸಂದಿ ಬಚಾವಾಗುತ್ತದೆ.

ಈ ವರ್ಷ ಕಟ್ಟಲಿಲ್ಲ. ಯಾಕೆ? ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಳು. ತೊಟ್ಟಿಲ ಶಾಸ್ತ್ರಕ್ಕೆ ಬೀಗರು ಬರುವವರು.

"ಬೀಗರ ಎದುರು ಮನೆಗೆ ಮಡಲು ನೇತು ಹಾಕುದಾ? ಮರ್ಯಾದೆ ಉಂಟಾ ನಿಮಗೆ?" ಎಂದಳು ನನ್ನಾಕೆ. (ನಮ್ಮೂರಿನಲ್ಲಿ ಮರ್ಯಾದೆ ಇರುವುದು ರಸ್ತೆಗೆ ಕಾಣುವ ಕಡೆ ಮಾತ್ರ.)

ಅಷ್ಟರಲ್ಲಿ ಬೊಂಬಾಯಿಯಿಂದ ಅವಳ ತಮ್ಮನ ಆಗಮನ. ಟೆರಿಲಿನ್ ಶರ್ಟು, ಬಾಯಲ್ಲಿ ಸಿಗರೇಟು.

"ಎಂತ ಭಾವ, ಇನ್ನೂ ತಟ್ಟಿಯಾ? ಜನ ನಗ್ತಾರೆ. ಸಂದಿಗೆಲ್ಲ ಪುಟ್ಟಿ ಮೆತ್ತಿ ಪೈಂಟ್ ಹೊಡೆಸುವ. ಕಂಪ್ಲೀಟ್ ವಾಟರ್‌ಪ್ರೂಫ್!"

"ಮರ ನೀರು ಕುಡಿದು ಉಬ್ಬುದಿಲ್ವಾ ಮಾರಾಯ?" ಎಂದೆ.

"ನೀವು ಸುಮ್ಮನಿರಿ" ಎಂದರು ಅಕ್ಕ ತಮ್ಮ, ಒಟ್ಟಿಗೇ.

ಬಿಸಿಲಿಗೆ ಒಣಗಿ ಬಾಯಿಬಿಟ್ಟಿದ್ದ ಸಂದಿಗಳಿಗೆಲ್ಲ ಪುಟ್ಟಿ ಬಿತ್ತು. ಮೇಲೆ ಗಿಳಿಹಸಿರು ಪೈಂಟು. ದಾರಿಹೋಕರು ನಿಂತು ನೋಡಿದರು. ನನ್ನಾಕೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮೊಮ್ಮಗಳು ಹುಟ್ಟಿದಳು. ಅವಳ ಬೆನ್ನಿಗೇ ಮಳೆ ಬಂತು. ಹಲಗೆಗಳು ಉಬ್ಬಿದವು, ಪುಟ್ಟಿ ಹಪ್ಪಳದಂತೆ ಒಡೆದು ಉದುರಿತು. ಮೊದಲಾದರೆ ಸಂದಿಗೆ ಹೊಕ್ಕ ನೀರು ಹಲಗೆಯ ಕೆಳಗಿನ ಅಂಚಿನಿಂದ ಹೊರಕ್ಕೆ ಸೋರಿ ಹೋಗುತ್ತಿತ್ತು. ಈಗ ಆ ದಾರಿಗೂ ಪುಟ್ಟಿ, ಅಲ್ಲಿ ಮಾತ್ರ ಅದು ಉದುರಲಿಲ್ಲ! ನೀರಾದರೂ ಎಲ್ಲಿಗೆ ಹೋಗಬೇಕು, ಪಾಪ? ನೇರ ತೊಟ್ಟಿಲಿಗೇ ಬಂತು. ಮಗುವಿಗೆ ನೆಗಡಿ, ಬಾಣಂತಿಗೆ ಚಳಿ, ನನಗೆ ಮೈಯೆಲ್ಲ ಉರಿ. ಉಪ್ಪರಿಗೆಯಲ್ಲಿ ಬೇರೆ ಕೋಣೆಯಿಲ್ಲ, ಕೆಳಗೆ ಇಳಿಸೋಣವೆಂದರೆ ಮೆಣಸಿನ ಘಾಟು. ಈಗಲಾದರೂ ತಟ್ಟಿ ಕಟ್ಟೋಣವೆಂದರೆ, "ಬೀಗರು ಬಂದು ಹೋಗ್ಲಿ" ಎಂಬ ಹಟ. ವಾಟರ್‌ಪ್ರೂಫ್ ಪಂಡಿತರು ಆಗಲೇ ಬೊಂಬಾಯಿ ಸೇರಿಯಾಗಿತ್ತು.

ಶಾಸ್ತ್ರದ ದಿನ ಬೀಗರು ಬಂದರು. ಬೀಗಿತ್ತಿ ಹಸಿರು ಗೋಡೆಯತ್ತ ಕಣ್ಣೆತ್ತಿಯೂ ನೋಡಲಿಲ್ಲ. ಸೀದಾ ಕೋಣೆಗೆ ಬಂದು ತೊಟ್ಟಿಲೊಳಗೆ ಕೈ ಹಾಕಿದರು.

"ಅಯ್ಯೋ ದೇವರೇ, ಬಟ್ಟೆ ಪೂರಾ ಚಂಡಿ, ಹಿಂಡಿದರೆ ನೀರು ಬರ್ತದಲ್ಲ! ನೀವು ತಟ್ಟಿ ಕಟ್ಟುದಿಲ್ವಾ? ನಾವು ಮನೆಯ ಸುತ್ತಲೂ ಕಟ್ಟಿದ್ದೇವೆ. ಇನ್ನು ಬಾಣಂತನ ನಮ್ಮಲ್ಲೇ ಆಗ್ಲಿ."

ತಿಂಗಳುಗಟ್ಟಲೆ ನಮ್ಮ ಮಡಿಲಲ್ಲಿ ಆಡಬೇಕಿದ್ದ ಕೂಸು ಅಂದೇ ಸಂಜೆ ತಾಯಿಯೊಡನೆ ಕಾರು ಹತ್ತಿತು. ನನ್ನಾಕೆ ಬಾಗಿಲಲ್ಲಿ ನಿಂತು ಅತ್ತಳು. ಬೈಯಬೇಕೆಂದು ಹೋದ ನಾನೂ ಅತ್ತೆ.

ನಮ್ಮ ಚಂದದ ಗೋಡೆ ನೋಡಲು ಯಾರಾದರೂ ಬರುತ್ತೀರಾ? ಕೋಣೆ ಈಗ ಖಾಲಿ ಇದೆ.