ತಂಗಿ ಕಟ್ಟಿದ ಕಣಜದ ಗೂಡು

ಅಕ್ಕ ಮಡಕೆ ಮಾಡುವವಳಲ್ಲ. ಒಡೆದ ಬೀಜದ ಕಾಯಿ, ಹುಳ ತಿಂದ ಎಲೆ, ಕಣಜದ ಹುಳದ ಗೂಡು, ಇಂಥವನ್ನೇ ಮಣ್ಣಿನಲ್ಲಿ ಮಂಡಿಯೆತ್ತರಕ್ಕೆ ಕಟ್ಟಿ ಸುಡುತ್ತಿದ್ದಳು. ಮಣ್ಣು ಊರಾಚೆಯ ಹಳ್ಳದ್ದು, ಮೇಲಿನ ಮೆರುಗು ಒಲೆ ಬೂದಿಯದು. ಬೀದಿಯವರಿಗೆಲ್ಲ ಅವಳು ಮಣ್ಣಕ್ಕ.

ಹಳ್ಳಕ್ಕಿಳಿದು ಮಣ್ಣು ಅಗೆಯುವುದು, ಮರ ಹತ್ತಿ ಕಾಯಿ ಕೀಳುವುದು ತಂಗಿಯ ಕೆಲಸ. ಮದುವೆಯಾಗಿ ಪಕ್ಕದ ಬೀದಿಗೆ ಹೋದ ಮೇಲೂ ಬೆಳಗಾದರೆ ಚೀಲ ಹೊತ್ತು ಹಾಜರು.

"ಕೈ ಕೆಸರಾದ್ರೆ ಬಾಯಿ ಮೊಸರಂತೆ. ನಮಗೆ ಬಾಯಿಗೂ ಕೆಸರೇ ಬಂತಲ್ಲೇ ಅಕ್ಕ!" ಎಂದು ನಗುತ್ತಿದ್ದಳು.

ಆ ತಂಗಿಗೆ ರಕ್ತದ ಕಾಯಿಲೆ ಬಂತು. ಹಳ್ಳದವರೆಗೆ ನಡೆಯಲಾಗದೆ ಅಕ್ಕನ ಕೆಲಸದ ಕೋಣೆಯಲ್ಲಿ ಕಿಟಕಿ ಪಕ್ಕ ಕೂರುತ್ತಿದ್ದಳು. ಒಂದು ದಿನ, "ಇದೊಂದು ನಾನೇ ಮಾಡ್ತೀನಿ, ನೀನು ಕೈ ಹಾಕ್ಬೇಡ" ಎಂದು ಮಣ್ಣು ಎಳೆದುಕೊಂಡಳು. ಕಣಜ ಮಾಡುವ ಹಾಗೆಯೇ ಉಂಡೆಯ ಮೇಲೆ ಉಂಡೆ ಇಟ್ಟು ಹೆಬ್ಬೆರಳಿನಿಂದ ಒತ್ತಿದಳು. ಸುಸ್ತಾದಾಗ ಮೇಜಿಗೆ ಹಣೆಯಿಟ್ಟು ಮಲಗುವಳು.

"ಸೊಟ್ಟಗಾಯ್ತಲ್ಲೇ" ಎಂದಳು ಅಕ್ಕ.

"ಕಣಜದ ಕೈಗೆ ಯಾರಾದ್ರೂ ಗೆರೆಕೋಲು ಕೊಟ್ಟಿದ್ದಾರಾ? ಸುಟ್ಟು ನಮ್ಮ ಯಜಮಾನರಿಗೆ ಕೊಡು."

ಗೂಡು ಒಣಗುವ ಮೊದಲೇ ತಂಗಿ ತೀರಿಕೊಂಡಳು.

ಉಂಡೆಗಳ ನಡುವೆ ಗಾಳಿ ಉಳಿದಿದೆ, ಸುಟ್ಟರೆ ಸಿಡಿಯಬಹುದು ಎಂದು ಮಣ್ಣಕ್ಕನಿಗೆ ಗೊತ್ತಿತ್ತು. ಕೊರೆದು ಸರಿಮಾಡಿದರೆ ತಂಗಿಯ ಬೆರಳಚ್ಚು ಹೋಗುತ್ತದೆ. ಸುಡದೆ ಇಟ್ಟರೆ ಅಂಚು ಪುಡಿಪುಡಿ ಉದುರುತ್ತಿದೆ. ಬಸ್ ಡ್ರೈವರಾಗಿದ್ದ ತಂಗಿಯ ಗಂಡನನ್ನು ಕರೆದು ಎಲ್ಲ ಹೇಳಿದಳು.

ಆತ ಗೂಡನ್ನು ನೋಡುತ್ತಾ ಕೂತ. "ಅವಳು ಸುಡು ಅಂದಿದ್ದಳಲ್ಲ ಅಕ್ಕ. ಸುಟ್ಟುಬಿಡಿ."

ತಿಂಗಳುಗಟ್ಟಲೆ ನೆರಳಲ್ಲಿ ಒಣಗಿಸಿ, ಸುಡಲು ಆವಿಗೆಯಲ್ಲಿಟ್ಟು ಬೆಂಕಿ ಹಾಕಿದಳು. ಆತ ರಜೆ ಹಾಕಿ ಬಂದು ಪಕ್ಕದಲ್ಲೇ ನಿಂತಿದ್ದ. ಮಧ್ಯಾಹ್ನ ಒಳಗಿನಿಂದ ಧಡ್ ಎಂದು ಸದ್ದಾಯಿತು.

"ಬೇರೆ ಏನೋ ಒಡೆದಿರಬೇಕು, ಅಲ್ವಾ?"

"ಒಳಗೆ ಅದೊಂದನ್ನೇ ಇಟ್ಟಿದ್ದೆ" ಎಂದಳು ಮಣ್ಣಕ್ಕ.

ಮರುದಿನ ಆವಿಗೆ ಆರಿದ ಮೇಲೆ ಇಬ್ಬರೂ ನೆಲಕ್ಕೆ ಕೂತು ಚೂರು ಹೆಕ್ಕಿದರು. ಹೆಚ್ಚಿನವು ಉಗುರಿಗಿಂತ ಸಣ್ಣವು. ಒಂದೊಂದನ್ನೂ ಕಿಟಕಿ ಬೆಳಕಿಗೆ ಹಿಡಿದರು, ತಂಗಿಯ ಬೆರಳಚ್ಚು ಎಲ್ಲೂ ಇರಲಿಲ್ಲ. ಸಂಜೆಯಾಗುತ್ತಿದ್ದಂತೆ ಆತ ಒಂದು ದಪ್ಪ ಚೂರು ಮುಂದೆ ಹಿಡಿದ. ಅದರಲ್ಲಿ ಬೆರಳಚ್ಚೊಂದು ಸ್ಪಷ್ಟವಾಗಿತ್ತು.

"ಇದು ಅವಳದೇನಾ ನೋಡಿ ಅಕ್ಕ."

ಅದು ಗೂಡಿನ ತಳದ ಚೂರು, ಅಚ್ಚು ಇದ್ದದ್ದು ಅಡಿಭಾಗದಲ್ಲಿ. ತಂಗಿ ಅಡಿಭಾಗವನ್ನು ಮುಟ್ಟಿರಲೇ ಇಲ್ಲ. ಹಸಿಯಿದ್ದಾಗ ಎತ್ತಿ ಹಲಗೆಗೆ ಇಟ್ಟವಳು ಮಣ್ಣಕ್ಕ. ಆ ಗುರುತು ಮಣ್ಣಕ್ಕನದೇ.

"ಹೂಂ," ಎಂದಳು, "ಅವಳದೇ."

ಆತ ಚೂರನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಮೊದಲ ಬಾರಿಗೆ ಬಿಕ್ಕಿಬಿಕ್ಕಿ ಅತ್ತ. ಅವಳು ಅಳಲಿಲ್ಲ, ಅತ್ತರೆ ಬಾಯಿ ತಪ್ಪಿ ನಿಜ ಬಂದೀತೆಂಬ ಭಯ. ಆತ ಹೋದ ಮೇಲೆ ಬಾಗಿಲು ಹಾಕಿ, ಉಳಿದ ಚೂರುಗಳನ್ನು ಮತ್ತೆ ಮೊದಲಿನಿಂದ ಹುಡುಕತೊಡಗಿದಳು.